ರಾತ್ರಿಯೆಲ್ಲ ಮೊಬೈಲು, ಹಗಲೆಲ್ಲ ಮಂಕು

"ಮಗನಿಗೆ ತುಂಬಾ ನಿಶ್ಶಕ್ತಿ ಡಾಕ್ಟ್ರೇ, ಒಳ್ಳೆಯ ಟಾನಿಕ್ ಬರೆದುಕೊಡಿ" ಎನ್ನುತ್ತ ತಾಯಿಯೊಬ್ಬರು ಎರಡನೇ ವರ್ಷದ ಬಿ.ಎಸ್ಸಿ. ಓದುವ ಮಗನನ್ನು ಕರೆತಂದರು. ರಜೆಗೆ ಹಾಸ್ಟೆಲಿನಿಂದ ಬಂದ ಹುಡುಗ ಮಧ್ಯಾಹ್ನದವರೆಗೆ ಏಳುವುದಿಲ್ಲ, ಮಾತನಾಡಿಸಿದರೆ ಸಿಡುಕುತ್ತಾನೆ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ ಸರಿಯಾಗಿದ್ದವು. ತಾಯಿಯನ್ನು ಹೊರಗೆ ಕೂರಿಸಿ ಕೇಳಿದಾಗ ಹುಡುಗ ಬಾಯಿಬಿಟ್ಟ: "ಹನ್ನೊಂದಕ್ಕೆ ಮಲಗುತ್ತೇನೆ ಸಾರ್, ಮೊಬೈಲ್ ಕೆಳಗಿಡುವಾಗ ಮೂರಾಗಿರುತ್ತದೆ. ಎರಡು ವಿಷಯ ಫೇಲಾಗಿದೆ. ಮೊಬೈಲ್ ಇಟ್ಟರೆ ಅದೇ ನೆನಪಾಗುತ್ತದೆ."

ಇದೊಂದು ವಿಷವರ್ತುಲ. ಬೇಸರ ಮರೆಯಲು ಇಂಟರ್‌ನೆಟ್, ಅದರಿಂದ ನಿದ್ದೆಗೇಡು, ನಿದ್ದೆಗೆಟ್ಟ ಮರುದಿನ ಇನ್ನಷ್ಟು ಬೇಸರ.

ನಿದ್ದೆ ಏಕೆ ಕೆಡುತ್ತದೆ?

ಕತ್ತಲಾದಂತೆ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸಿ, ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುತ್ತದೆ. ಕಣ್ಣಿಗೆ ಬೀಳುವ ಬೆಳಕು ಈ ಸ್ರಾವವನ್ನು ತಗ್ಗಿಸುತ್ತದೆ. ಜೊತೆಗೆ 'ಇನ್ನೊಂದೇ ವಿಡಿಯೊ' ಎಂಬ ಆಸೆ ಮನಸ್ಸನ್ನು ಎಚ್ಚರವಾಗಿಡುತ್ತದೆ. 18ರಿಂದ 25 ವರ್ಷದವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ನೆಲೆಯೂರಲೂ ನಿದ್ದೆ ಅಗತ್ಯ.

ನೀವೇನು ಮಾಡಬಹುದು?

ಮೊಬೈಲ್ ಕಿತ್ತುಕೊಳ್ಳಬೇಡಿ. ಪಾಠ, ಗೆಳೆತನ ಎಲ್ಲವೂ ಈಗ ಅದರಲ್ಲೇ ಇದೆ. ಗದರಿದರೆ ಹೊದಿಕೆಯೊಳಗೆ ನೋಡುತ್ತಾರೆ, ಅಷ್ಟೆ. ಮೊದಲು ನಿದ್ದೆ ಸರಿಪಡಿಸಿ. ಮಲಗುವ ಒಂದು ಗಂಟೆ ಮೊದಲೇ ಮೊಬೈಲುಗಳೆಲ್ಲ ಹಜಾರದಲ್ಲಿ ಚಾರ್ಜಿಗೆ ಕೂರಲಿ, ಅಪ್ಪ ಅಮ್ಮನದೂ ಸೇರಿ! ಎಬ್ಬಿಸಲು ಅಲಾರಂ ಗಡಿಯಾರ ಸಾಕು. ರಜೆಯಲ್ಲೂ ನಿಗದಿತ ಹೊತ್ತಿಗೆ ಎದ್ದು, ಬೆಳಗಿನ ಬೆಳಕಿನಲ್ಲಿ ಅರ್ಧ ಗಂಟೆ ನಡೆಯಲಿ. ಸಂಜೆಯ ನಂತರ ಕಾಫಿ, ಟೀ ಬೇಡ. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ಕೊಡಲೇಬೇಡಿ.

ಎಚ್ಚರಿಕೆಯ ಚಿಹ್ನೆಗಳು

ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ಊಟ ಸೇರದಿದ್ದರೆ, ಗೆಳೆಯರೂ ಬೇಡವಾದರೆ ಅದು ಖಿನ್ನತೆ ಇರಬಹುದು. 'ಬದುಕಿ ಏನು ಪ್ರಯೋಜನ' ಎಂಬ ಮಾತು ಬಂದರೆ ಒಬ್ಬರನ್ನೇ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ; ಕನ್ನಡದಲ್ಲೇ ಮಾತನಾಡಬಹುದು. ಇಂಟರ್‌ನೆಟ್ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭಿಸಿದೆ.

ಆ ಹುಡುಗನಿಗೆ ನಾನು ಟಾನಿಕ್ ಬರೆಯಲಿಲ್ಲ. ಅವನ ಒಪ್ಪಿಗೆ ಪಡೆದು ತಾಯಿಯನ್ನು ಒಳಗೆ ಕರೆದೆ. ಫೇಲಾದ ಸುದ್ದಿಯನ್ನು ಅವನೇ ಹೇಳಿದ. ತಾಯಿ ಬೈಯಲಿಲ್ಲ. "ಮೊದಲೇ ಹೇಳಬಾರದಿತ್ತೇನೋ?" ಎಂದು ತಲೆ ಸವರಿದರು. ಮೂರು ವಾರದ ಮೇಲೆ ಬಂದಾಗ ಹನ್ನೆರಡರೊಳಗೆ ನಿದ್ದೆ ಹತ್ತುತ್ತಿದೆ ಎಂದ. ನಿಮ್ಮ ಮಕ್ಕಳಿಗೆ 'ಎಷ್ಟು ಹೊತ್ತು ಮೊಬೈಲ್ ನೋಡಿದೆ?' ಎನ್ನುವ ಮೊದಲು 'ನಿದ್ದೆ ಬಂತಾ?' ಎಂದು ಕೇಳಿ ನೋಡಿ.