ಬಾಗಿಲ ಮೇಲಿನ ಬ್ರಹ್ಮಾಸ್ತ್ರ

ಗದೆ! ಸತ್ತೂ ಸಾಯದ ಅಸ್ಥಿಪಂಜರಗಳ ದಂಡು ಎದ್ದು ಬಂದಾಗ, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನ ಆಟಗಾರನ ಕೈಯಲ್ಲಿ ಇರಬೇಕಾದದ್ದು ಕತ್ತಿಯಲ್ಲ, ನಮ್ಮ ಭೀಮ, ಹನುಮರ ಗದೆ! ಎಲುಬಿಗೆ ಕೊಯ್ಯಲು ಮಾಂಸವೆಲ್ಲಿದೆ? ಅದನ್ನು ಜಜ್ಜಬೇಕು. ಈಗಿನ ನಿಯಮದಲ್ಲಿ ಅಂಥ ಪೆಟ್ಟಿನ ಬಲ ಅಸ್ಥಿಪಂಜರದ ಮೇಲೆ ಎರಡು ಪಟ್ಟು.

ಮುಂಬಯಿಯ ಗೋರೆಗಾಂವ್ ಪೂರ್ವದ ನೆಸ್ಕೊ ಆವರಣದಲ್ಲಿರುವ ಬಾಂಬೆ ಎಕ್ಸಿಬಿಷನ್ ಸೆಂಟರ್‌ನಲ್ಲಿ ಕಾಮಿಕ್ ಕಾನ್ ಮೇಳಗಳು ನಡೆದಿವೆ. ಇಂಥ ಆಟಗಳ ಹುಚ್ಚು ಹತ್ತಿದ ಮಕ್ಕಳು ಇಲ್ಲಿನ ಕನ್ನಡ ಮನೆಗಳಲ್ಲೂ ಇದ್ದಾರೆ. ಅವರ ನಿಯಮದ ಪುಸ್ತಕವನ್ನು ಒಮ್ಮೆ ಇಸಿದುಕೊಂಡು ಓದಿ ನೋಡಿ, ಕೆಳಗಿಡಲು ಮನಸ್ಸೇ ಬರುವುದಿಲ್ಲ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಅಚ್ಚು ಹಾಕಿಸಿದ್ದು 1974ರಲ್ಲಿ. ಅದಕ್ಕೂ ಮೊದಲೇ ಆರ್ನೆಸನ್‌ರ ‘ಬ್ಲ್ಯಾಕ್‌ಮೂರ್’ ಲೋಕದಲ್ಲಿ ‘ಸರ್ ಫ್ಯಾಂಗ್’ ಎಂಬ ರಕ್ತಪಿಶಾಚಿ ಯಾರ ಕೈಗೂ ಸಿಗದಷ್ಟು ಬೆಳೆದುಬಿಟ್ಟಿತ್ತು. ಅದನ್ನು ತಡೆಯಲೆಂದೇ ಹುಟ್ಟಿದವನು ‘ಕ್ಲೆರಿಕ್’, ದೇವರ ಚಿಹ್ನೆ ಎತ್ತಿ ಹಿಡಿದು ಪ್ರೇತಗಳನ್ನು ಓಡಿಸುವ ಪೂಜಾರಿ. ಒಂದೇ ಒಂದು ಪಿಶಾಚಿಯ ಕಾಟಕ್ಕೆ ಹುಟ್ಟಿದ ಪಾತ್ರ ಇವತ್ತು ಜಗತ್ತಿನ ಎಷ್ಟು ಮೇಜುಗಳ ಸುತ್ತ ಕೂತಿದೆ!

ಇನ್ನು ಆಯುಧಗಳ ಬೆರಗು. ‘ಸನ್ ಬ್ಲೇಡ್’ ನೋಡಲು ಬರೀ ಹಿಡಿ. ಹಿಡಿದವನು ಮನಸ್ಸು ಮಾಡಿದರೆ ಅದರೊಳಗಿಂದ ಬೆಳಕೇ ಅಲಗಾಗಿ ಚಿಮ್ಮುತ್ತದೆ! ‘ಮೇಸ್ ಆಫ್ ಡಿಸ್ರಪ್ಷನ್’ ಎಂಬ ಗದೆಯಂತೂ ಇನ್ನೂ ಭಯಂಕರ. ಪೆಟ್ಟು ತಿಂದ ಪ್ರೇತದಲ್ಲಿ ಉಳಿದ ಜೀವಾಂಕ 25 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ದಾಳ ಉರುಳಿಸಿ ಪರೀಕ್ಷೆ. ಸೋತರೆ ಅಲ್ಲೇ ನಾಶ, ಗೆದ್ದರೂ ಹೆದರಿ ನಡುಗಬೇಕು. 2023ರ ‘ಬಾಲ್ಡರ್ಸ್ ಗೇಟ್ 3’ ವಿಡಿಯೊ ಗೇಮ್‌ನಲ್ಲಿ ‘ಬ್ಲಡ್ ಆಫ್ ಲ್ಯಾಥಾಂಡರ್’ ಎಂಬ ಗದೆ ಸಿಗುತ್ತದೆ. ಅದರ ಬೆಳಕಿಗೆ ಪ್ರೇತಗಳ ಕಣ್ಣು ಕುರುಡಾಗುತ್ತದೆ, ಹಿಡಿದವನು ನೆಲಕ್ಕುರುಳಿದರೆ ಅದೇ ಅವನನ್ನು ಎಬ್ಬಿಸಿ ಕೂರಿಸುತ್ತದೆ.

ಇಷ್ಟೆಲ್ಲ ಓದುವಾಗ ನನಗೆ ಮೈ ಜುಮ್ಮೆಂದದ್ದು ಬೇರೊಂದು ಆಯುಧ ನೆನಪಾಗಿ. ಬೆಂಗಳೂರಿನಲ್ಲೂ ಕರ್ನಾಟಕದ ಹಳ್ಳಿಗಳಲ್ಲೂ 1990ರ ದಶಕದಲ್ಲಿ ಹಬ್ಬಿದ ಸುದ್ದಿ ನೆನಪಿದೆಯೇ? ರಾತ್ರಿ ಹೆಣ್ಣುದೆವ್ವವೊಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ. ಅದಕ್ಕೆ ಜನ ಕಂಡುಕೊಂಡ ಉಪಾಯ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು! ದೆವ್ವ ಓದುತ್ತದೆ, ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಎಂಥ ಅಸ್ತ್ರ! ಮಂತ್ರ ಬೇಡ, ಪೂಜಾರಿ ಬೇಡ, ಒಂದು ಚೂರು ಸೀಮೆಸುಣ್ಣ ಸಾಕು. ಆಟದ ಗದೆ ಪ್ರೇತವನ್ನು ಬಡಿದು ಕೆಡವುತ್ತದೆ, ನಮ್ಮ ಬರಹ ಪ್ರೇತವೇ ನಿಯಮ ಪಾಲಿಸುವಂತೆ ಮಾಡುತ್ತದೆ. ‘ಚಂದಮಾಮ’ ಪತ್ರಿಕೆಯ ಕಥೆಗಳ ಬೇತಾಳನೂ ಹೀಗೇ ನಿಯಮಕ್ಕೆ ಕಟ್ಟುಬಿದ್ದವನಲ್ಲವೇ? ವಿಕ್ರಮ ರಾಜನ ಬಳಿ ಕತ್ತಿಯಿದ್ದರೂ ಬೇತಾಳ ಹೊಕ್ಕ ಹೆಣ ಅವನ ಹೆಗಲ ಮೇಲೆ ಉಳಿಯುವುದು ಅವನು ಬಾಯಿ ಬಿಡದಿದ್ದರೆ ಮಾತ್ರ.

ಈ ಅಸ್ತ್ರ ಹಿಂದಿ ಸಿನಿಮಾಕ್ಕೂ ಹಾರಿತು. 2018ರ ‘ಸ್ತ್ರೀ’ ಚಿತ್ರದಲ್ಲಿ ಚಂದೇರಿಯ ಗೋಡೆಗಳು ದೆವ್ವವನ್ನು ನಾಳೆಗೆ ಮುಂದೂಡುತ್ತವೆ. ಕೊನೆಗೆ ಅದೇ ಊರು ಬರಹ ಬದಲಿಸಿ, ನಮ್ಮನ್ನು ಕಾಪಾಡು ಎಂದು ಅವಳನ್ನೇ ಬೇಡುತ್ತದೆ!

ಈಗ ಗೋರೆಗಾಂವ್‌ನ ಆಟಗಾರರಿಗೊಂದು ಸವಾಲು. ಇಲ್ಲಿನ ಫಿಲ್ಮ್ ಸಿಟಿಯ ಮಗ್ಗುಲಲ್ಲೇ ಆರೆ ಕಾಲೊನಿ. ಅಲ್ಲಿನ ರಸ್ತೆಯಲ್ಲಿ ರಾತ್ರಿ ಬಿಳಿ ಸೀರೆಯ ಹೆಂಗಸು ಗಾಡಿ ನಿಲ್ಲಿಸಿ ಲಿಫ್ಟ್ ಕೇಳುವ ಕಥೆಯನ್ನು ಇಲ್ಲಿಯವರು ಬಲ್ಲರು. ಅವಳು ತಟ್ಟಲು ಬಾಗಿಲೇ ಇಲ್ಲ, ಹಾಗಾದರೆ ‘ನಾಳೆ ಬಾ’ ಎಂದು ಬರೆಯುವುದು ಎಲ್ಲಿ? ಗಾಡಿಯ ಗಾಜಿನ ಮೇಲೆಯೇ? ನಾನು ಆಟ ನಡೆಸುವವನಾಗಿದ್ದರೆ ಅದಕ್ಕೆ ಒಪ್ಪುತ್ತಿದ್ದೆ, ಆದರೆ ಒಂದು ಷರತ್ತು: ಅಕ್ಷರಗಳು ಹೊರಗಿನಿಂದ ಓದುವಂತಿರಬೇಕು, ಆದ್ದರಿಂದ ಬರೆಯುವವನು ಗಾಡಿಯಿಂದ ಇಳಿಯಲೇಬೇಕು.