ಗಡ್ಡೆ ತೆಗೆದ ಮೇಲೂ ತೂಕವೇಕೆ ನಿಲ್ಲುವುದಿಲ್ಲ?

ವಿಜಯಪುರ: ಮಕ್ಕಳ ಮೆದುಳಿನ ಗಡ್ಡೆ ಎಂದೊಡನೆ ಎಲ್ಲರ ಗಮನವೂ ಎರಡು ಪ್ರಶ್ನೆಗಳ ಮೇಲೆ ನಿಲ್ಲುತ್ತದೆ. ಶಸ್ತ್ರಚಿಕಿತ್ಸೆ ಯಶಸ್ವಿಯಾದೀತೇ? ಮಗು ಉಳಿದೀತೇ? ಎರಡಕ್ಕೂ ಹೌದೆಂಬ ಉತ್ತರ ಪಡೆದು, ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಊರಿಗೆ ಮರಳುವ ಕುಟುಂಬಕ್ಕೆ ಮೂರನೆಯ ಪ್ರಶ್ನೆಯೊಂದು ಕೆಲವು ತಿಂಗಳ ಬಳಿಕ ಎದುರಾಗುತ್ತದೆ. ಮಗುವಿನ ತೂಕ ಏರುತ್ತಲೇ ಹೋಗುತ್ತದೆ, ಊಟ ಮುಗಿಸಿದ ಅರ್ಧ ಗಂಟೆಗೆ ಮತ್ತೆ ಹಸಿವೆನ್ನುತ್ತದೆ, ಹಗಲಿನಲ್ಲೇ ತೂಕಡಿಸುತ್ತದೆ.

ತಿಕೋಟಾ, ಬಬಲೇಶ್ವರದಂಥ ಊರುಗಳಲ್ಲಿ ಆಸ್ಪತ್ರೆಯಿಂದ ಬಂದ ಮಗು ಮೈ ತುಂಬಿಕೊಳ್ಳುವುದನ್ನು ಮೊದಲಿಗೆ ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ನೋಡಬಂದ ಬಂಧುಗಳು ‘ಮೈ ಹಿಡಿದಿದೆ’ ಎಂದು ಸಂತೋಷಪಡುತ್ತಾರೆ. ಹಳೆಯ ಅಂಗಿಗಳೆಲ್ಲ ಬಿಗಿಯಾಗಿ, ಶಾಲೆಯಲ್ಲಿ ಅಡ್ಡಹೆಸರು ಬಿದ್ದ ಬಳಿಕ ಅದೇ ಬಂಧುಗಳು ‘ತಾಯಿ ಅತಿಯಾಗಿ ತಿನ್ನಿಸುತ್ತಾಳೆ’ ಎಂಬ ತೀರ್ಪು ಕೊಡುತ್ತಾರೆ. ವೈದ್ಯವಿಜ್ಞಾನದ ಪ್ರಕಾರ ಈ ತೀರ್ಪು ತಪ್ಪು.

ಬಾದಾಮಿಯಷ್ಟು ಗಾತ್ರದ ಯಜಮಾನ

ಮೆದುಳಿನ ತಳಭಾಗದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ, ಹೈಪೋಥಲಾಮಸ್ ಎಂಬ ಬಾದಾಮಿಯಷ್ಟು ಗಾತ್ರದ ಭಾಗವಿದೆ. ಹಸಿವು, ದಾಹ, ನಿದ್ರೆ, ದೇಹದ ಉಷ್ಣತೆ ಇವೆಲ್ಲವೂ ಅದರ ಹತೋಟಿಯಲ್ಲಿವೆ. ಅದರ ಕೆಳಗೆ ತೂಗುವ ಪಿಟ್ಯುಟರಿ ಗ್ರಂಥಿ ಅದರ ಅಪ್ಪಣೆಯಂತೆಯೇ ಹಾರ್ಮೋನುಗಳನ್ನು ಸ್ರವಿಸುತ್ತದೆ. ದೇಹದ ಕೊಬ್ಬಿನ ಕಣಗಳು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ‘ದಾಸ್ತಾನು ಸಾಕಷ್ಟಿದೆ’ ಎಂಬ ವರದಿಯನ್ನು ಈ ಹೈಪೋಥಲಾಮಸ್‌ಗೆ ಸತತವಾಗಿ ಕಳುಹಿಸುತ್ತಿರುತ್ತವೆ. ಲೆಪ್ಟಿನ್ ಪತ್ತೆಯಾದದ್ದು 1994ರಲ್ಲಿ. ವರದಿಯನ್ನು ಓದಬೇಕಾದ ಜೀವಕೋಶಗಳೇ ನಾಶವಾದರೆ, ಕೊಬ್ಬು ಎಷ್ಟೇ ತುಂಬಿದ್ದರೂ ಮೆದುಳು ಅದನ್ನು ಬರಗಾಲವೆಂದೇ ಭಾವಿಸುತ್ತದೆ. ಹಸಿವನ್ನು ಹೆಚ್ಚಿಸುತ್ತದೆ, ಖರ್ಚನ್ನು ತಗ್ಗಿಸುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ವೇಗಸ್ ಎಂಬ ನರದ ಮೂಲಕ ಮೇದೋಜೀರಕ ಗ್ರಂಥಿಗೆ ಹೋಗುವ ಪ್ರಚೋದನೆ ಹೆಚ್ಚಿ ಇನ್ಸುಲಿನ್ ಮಿತಿಮೀರಿ ಸ್ರವಿಸುತ್ತದೆ ಎಂಬುದನ್ನೂ ಸಂಶೋಧಕರು ಗುರುತಿಸಿದ್ದಾರೆ. ಇನ್ಸುಲಿನ್ ಹೆಚ್ಚಿದಷ್ಟೂ ತಿಂದ ಆಹಾರ ಕೊಬ್ಬಾಗಿ ಶೇಖರವಾಗುತ್ತದೆ. ಹೀಗಾಗಿ ಅಕ್ಕಪಕ್ಕದ ಮಕ್ಕಳಷ್ಟೇ ತಿಂದರೂ ಈ ಮಗು ದಪ್ಪವಾಗಬಹುದು. ಇದನ್ನು ‘ಹೈಪೋಥಲಾಮಿಕ್ ಬೊಜ್ಜು’ ಎನ್ನುತ್ತಾರೆ. ಸಾಮಾನ್ಯ ಬೊಜ್ಜಿಗೆ ಹೇಳುವ ‘ಬಾಯಿ ಕಟ್ಟು, ಓಡಾಡು’ ಎಂಬ ಸಲಹೆ ಇಲ್ಲಿ ಅರ್ಧದಷ್ಟೂ ಫಲಿಸುವುದಿಲ್ಲ.

ಇದು ಹೊಸದಾಗಿ ಹುಟ್ಟಿದ ವಿಚಾರವೇನಲ್ಲ. ಪಿಟ್ಯುಟರಿ ಭಾಗದಲ್ಲಿ ಗಡ್ಡೆಯಿದ್ದು, ಬೊಜ್ಜು ಬೆಳೆದು, ದೃಷ್ಟಿ ಮಂದವಾದ ಬಾಲಕನೊಬ್ಬನ ವಿವರವನ್ನು ವಿಯೆನ್ನಾದ ವೈದ್ಯ ಆಲ್ಫ್ರೆಡ್ ಫ್ರೋಲಿಚ್ 1901ರಲ್ಲೇ ದಾಖಲಿಸಿದ್ದರು. ತಪ್ಪು ಪಿಟ್ಯುಟರಿಯದೋ ಅದರ ಮೇಲಿನ ಹೈಪೋಥಲಾಮಸ್‌ನದೋ ಎಂಬ ವಾದ ಬಹುಕಾಲ ನಡೆಯಿತು. 1940ರಲ್ಲಿ ಹೆದರಿಂಗ್ಟನ್ ಮತ್ತು ರಾನ್ಸನ್ ಎಂಬ ಅಮೆರಿಕದ ಸಂಶೋಧಕರು ಇಲಿಗಳ ಹೈಪೋಥಲಾಮಸ್‌ಗೆ ಮಾತ್ರ ಗಾಯ ಮಾಡಿ, ಪಿಟ್ಯುಟರಿಯನ್ನು ಮುಟ್ಟದೆಯೇ ಅವು ವಿಪರೀತ ದಪ್ಪವಾಗುವುದನ್ನು ತೋರಿಸಿದರು.

ಯಾವ ಗಡ್ಡೆ, ಎಷ್ಟು ಮಕ್ಕಳು?

ಈ ಬೊಜ್ಜಿನೊಂದಿಗೆ ಮುಖ್ಯವಾಗಿ ತಳುಕು ಹಾಕಿಕೊಂಡಿರುವುದು ಕ್ರೇನಿಯೋಫ್ಯಾರಿಂಜಿಯೋಮಾ ಎಂಬ ಗಡ್ಡೆ. ಇದು ಕ್ಯಾನ್ಸರ್ ಅಲ್ಲ, ದೇಹದ ಬೇರೆಡೆ ಹರಡುವುದಿಲ್ಲ. ಆದರೆ ಬೆಳೆಯುವ ಜಾಗವೇ ಕೆಟ್ಟದ್ದು. ಹೈಪೋಥಲಾಮಸ್, ಪಿಟ್ಯುಟರಿ, ಕಣ್ಣಿನ ನರ ಮೂರಕ್ಕೂ ಅಂಟಿಕೊಂಡು ಬೆಳೆಯುತ್ತದೆ. ಚಿಕಿತ್ಸೆಯ ನಂತರ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಬೊಜ್ಜು ಕಾಣಿಸಿಕೊಳ್ಳುತ್ತದೆ. ತೂಕ ಅತಿ ವೇಗವಾಗಿ ಏರುವುದು ಶಸ್ತ್ರಚಿಕಿತ್ಸೆಯ ನಂತರದ ಮೊದಲ ಆರರಿಂದ ಹನ್ನೆರಡು ತಿಂಗಳಲ್ಲಿ. ಕಣ್ಣಿನ ನರದ ಗಡ್ಡೆಗಳೂ, ತಲೆಗೆ ಹೆಚ್ಚು ಪ್ರಮಾಣದ ವಿಕಿರಣ ಪಡೆದ ಇತರ ಗಡ್ಡೆಗಳೂ ಇದೇ ದಾರಿ ಹಿಡಿಯಬಹುದು. ಚಿಕ್ಕ ವಯಸ್ಸಿನಲ್ಲೇ ಗಡ್ಡೆ ಪತ್ತೆಯಾಗುವುದು ಮತ್ತು ಹೈಪೋಥಲಾಮಸ್‌ಗೆ 51 ಗ್ರೇ ಮೀರಿದ ವಿಕಿರಣ ತಗಲುವುದು ಅಪಾಯವನ್ನು ಹೆಚ್ಚಿಸುತ್ತವೆ ಎಂದು 2003ರ ಅಮೆರಿಕದ ಅಧ್ಯಯನವೊಂದು ತಿಳಿಸಿತ್ತು.

ಕ್ರೇನಿಯೋಫ್ಯಾರಿಂಜಿಯೋಮಾ ಅಪರೂಪ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಅರ್ಧದಿಂದ ಎರಡು ಪ್ರಕರಣ. ಅವುಗಳಲ್ಲಿ ಮಕ್ಕಳು ಮೂರನೆಯ ಒಂದರಿಂದ ಅರ್ಧದಷ್ಟು. 2011ರ ಜನಗಣತಿಯಂತೆ ಸುಮಾರು 21.77 ಲಕ್ಷ ಜನಸಂಖ್ಯೆಯ ವಿಜಯಪುರ ಜಿಲ್ಲೆಗೆ ಈ ಲೆಕ್ಕವನ್ನು ಹಚ್ಚಿದರೆ ವರ್ಷಕ್ಕೆ ಒಬ್ಬಿಬ್ಬರು ಮಕ್ಕಳಿಗಿಂತ ಹೆಚ್ಚಿರಲಾರದು. ಸಂಖ್ಯೆ ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಒಳ್ಳೆಯ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಬಹುಪಾಲು ದಶಕಗಳ ಕಾಲ ಬದುಕುತ್ತಾರೆ. ವರ್ಷ ಉರುಳಿದಂತೆ ಇಂಥವರ ಸಂಖ್ಯೆ ಕೂಡುತ್ತ ಹೋಗುತ್ತದೆ. ಅಪರೂಪವಾದ ಕಾರಣಕ್ಕೇ ತಾಲ್ಲೂಕು ಮಟ್ಟದ ವೈದ್ಯರೊಬ್ಬರು ತಮ್ಮ ವೃತ್ತಿಜೀವನದಲ್ಲಿ ಇಂಥ ಒಂದು ಮಗುವನ್ನೂ ನೋಡದೆ ಇರಬಹುದು.

ಸ್ಟಿರಾಯ್ಡ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ

ಗಡ್ಡೆ ತೆಗೆದ ಬಹುತೇಕ ಮಕ್ಕಳಲ್ಲಿ ಪಿಟ್ಯುಟರಿ ಕೆಲಸ ನಿಲ್ಲಿಸಿರುತ್ತದೆ. ಥೈರಾಯ್ಡ್ ಮಾತ್ರೆ, ಬೆಳವಣಿಗೆಯ ಹಾರ್ಮೋನ್, ಹೈಡ್ರೋಕಾರ್ಟಿಸೋನ್, ಮೂತ್ರವನ್ನು ಹಿಡಿದಿಡುವ ಡೆಸ್ಮೋಪ್ರೆಸಿನ್, ಮುಂದೆ ಹದಿಹರೆಯ ತರಿಸುವ ಹಾರ್ಮೋನುಗಳು ಎಂದು ಪಟ್ಟಿ ಬೆಳೆಯುತ್ತದೆ.

ಇವುಗಳಲ್ಲಿ ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆಗೆ ಗುರಿಯಾಗಿರುವುದು ಹೈಡ್ರೋಕಾರ್ಟಿಸೋನ್. ‘ಸ್ಟಿರಾಯ್ಡ್ ತಿಂದರೆ ಮೈ ಊದುತ್ತದೆ’ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು; ಪ್ರಮಾಣ ಹೆಚ್ಚಾದರೆ ಅದು ನಿಜವೂ ಹೌದು. ಆದರೆ ಈ ಮಗುವಿಗೆ ಕೊಡುತ್ತಿರುವುದು ದೇಹ ತಾನೇ ತಯಾರಿಸಬೇಕಿದ್ದ ಹಾರ್ಮೋನಿನ ಬದಲಿ ಮಾತ್ರ. ತೂಕ ಇಳಿಸುವ ಆಸೆಯಿಂದ ಯಾರದೋ ಮಾತು ಕೇಳಿ ಅದನ್ನು ನಿಲ್ಲಿಸಿದರೆ, ಸಾಧಾರಣ ಜ್ವರವೂ ಮಗುವಿನ ರಕ್ತದೊತ್ತಡ ಹಾಗೂ ಸಕ್ಕರೆಯ ಅಂಶವನ್ನು ಕುಸಿಯುವಂತೆ ಮಾಡಿ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಪ್ರಮಾಣ ಹೆಚ್ಚೆನಿಸಿದರೆ ವೈದ್ಯರನ್ನು ಕೇಳಿ ಇಳಿಸಬೇಕೇ ಹೊರತು ಮನೆಯಲ್ಲಿ ನಿರ್ಧರಿಸಬಾರದು.

ಜ್ವರ ಬಂದ ದಿನ ಪ್ರಮಾಣವನ್ನು ಎರಡು-ಮೂರು ಪಟ್ಟು ಹೆಚ್ಚಿಸಬೇಕಾಗುತ್ತದೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಚುಚ್ಚುಮದ್ದೇ ಗತಿ. ಎಷ್ಟು ಎಂಬುದನ್ನು ತಜ್ಞರಿಂದ ಮೊದಲೇ ಬರೆಯಿಸಿಕೊಂಡು, ಚುಚ್ಚುಮದ್ದಿನ ಸೀಸೆಯೊಂದಿಗೆ ಮನೆಯಲ್ಲಿಟ್ಟುಕೊಳ್ಳುವುದು ಕ್ಷೇಮ. ಬಬಲೇಶ್ವರದಿಂದಾಗಲಿ ತಿಕೋಟಾದಿಂದಾಗಲಿ ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ತಲುಪುವ ಮೊದಲೇ, ಊರಿನ ಆರೋಗ್ಯ ಕೇಂದ್ರದಲ್ಲಿ ಆ ಚೀಟಿ ತೋರಿಸಿ ಸೂಜಿ ಹಾಕಿಸಿಕೊಳ್ಳಬಹುದು.

ಇನ್ನೊಂದು ಗೊಂದಲ ಹೆಸರಿನದು. ಪಿಟ್ಯುಟರಿ ಕೆಟ್ಟಾಗ ಬರುವ ‘ಡಯಾಬಿಟಿಸ್ ಇನ್ಸಿಪಿಡಸ್’ಗೂ ಸಕ್ಕರೆ ಕಾಯಿಲೆಗೂ ಸಂಬಂಧವಿಲ್ಲ. ಇಲ್ಲಿ ಮೂತ್ರವನ್ನು ತಡೆಹಿಡಿಯುವ ಹಾರ್ಮೋನ್ ಇಲ್ಲವಾಗಿ ಮಗು ಲೀಟರುಗಟ್ಟಲೆ ಮೂತ್ರ ಮಾಡುತ್ತದೆ, ಅಷ್ಟೇ ನೀರು ಕುಡಿಯುತ್ತದೆ. ‘ಡಯಾಬಿಟಿಸ್’ ಎಂಬ ಪದ ನೋಡಿ ಆಸ್ಪತ್ರೆಗಳಲ್ಲೇ ಎಡವಟ್ಟುಗಳಾದ ಕಾರಣ, 2022ರಲ್ಲಿ ತಜ್ಞರ ಅಂತಾರಾಷ್ಟ್ರೀಯ ಸಂಘಟನೆಗಳು ಈ ಹೆಸರನ್ನೇ ಬದಲಿಸಲು ಮುಂದಾದವು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರದ ಬಿಸಿಲಿನಲ್ಲಿ ಇಂಥ ಮಗುವಿಗೆ ನೀರಿನ ಬಾಟಲಿ ಹಾಗೂ ತರಗತಿಯಿಂದ ಹೊರಹೋಗುವ ಅನುಮತಿ ಔಷಧಿಯಷ್ಟೇ ಅಗತ್ಯ. ಕೆಲವು ಮಕ್ಕಳಿಗೆ ಹೈಪೋಥಲಾಮಸ್ ಪೆಟ್ಟು ತಿಂದು ದಾಹವೇ ತಿಳಿಯದು. ಅವರ ಸ್ಥಿತಿ ಮತ್ತೂ ಸೂಕ್ಷ್ಮ. ನೀರನ್ನು ಅಳೆದು ಕೊಡಬೇಕು, ರಕ್ತದ ಸೋಡಿಯಂ ಆಗಾಗ ನೋಡಿಸಬೇಕು.

ರೊಟ್ಟಿ, ಒಣದ್ರಾಕ್ಷಿ ಮತ್ತು ಬೀಗ

ಆಹಾರದಿಂದ ಪೂರ್ತಿ ಗುಣವಾಗದು ಎಂದ ಮಾತ್ರಕ್ಕೆ ಆಹಾರ ಮುಖ್ಯವಲ್ಲ ಎಂದಲ್ಲ. ಈ ಮಕ್ಕಳ ದೇಹ ಸಮವಯಸ್ಕರಿಗಿಂತ ಕಡಿಮೆ ಶಕ್ತಿಯನ್ನು ಖರ್ಚು ಮಾಡುವುದರಿಂದ ತಟ್ಟೆಯ ಅಳತೆಯೂ ಬೇರೆಯಾಗಬೇಕು. ನಮ್ಮ ಸೀಮೆಯ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಹಸಿ ತರಕಾರಿ, ಮಜ್ಜಿಗೆ ಒಳ್ಳೆಯ ತಳಹದಿ. ತೊಂದರೆ ಬರುವುದು ಜೊತೆಗೆ ಸೇರುವ ಶೇಂಗಾ ಹಿಂಡಿ, ಎಣ್ಣೆ ಮತ್ತು ಸಂಜೆಯ ಮಿರ್ಚಿ ಭಜಿಯಿಂದ. ದ್ರಾಕ್ಷಿ ಬೆಳೆಯುವ ತಿಕೋಟಾ ಭಾಗದಲ್ಲಿ ಒಣದ್ರಾಕ್ಷಿಯನ್ನು ಪೌಷ್ಟಿಕವೆಂದು ಮಕ್ಕಳಿಗೆ ಮುಷ್ಟಿಗಟ್ಟಲೆ ಕೊಡುವ ರೂಢಿಯಿದೆ. ನೂರು ಗ್ರಾಂ ಹಸಿ ದ್ರಾಕ್ಷಿಯಲ್ಲಿ ಸುಮಾರು 70 ಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ಒಣದ್ರಾಕ್ಷಿಯಲ್ಲಿ ಸುಮಾರು 300 ಇರುತ್ತದೆ. ಆಸ್ಪತ್ರೆಗೆ ನೋಡಲು ಹೋಗುವವರು ಒಯ್ಯುವ ಹಣ್ಣಿನ ರಸದ ಡಬ್ಬಿಗಳ ಮಾತು ಬೇರೆ ಹೇಳಬೇಕಿಲ್ಲ.

ಎಷ್ಟು ಹೇಳಿದರೂ ಮಗು ಅಡುಗೆಮನೆಯಲ್ಲಿ ಕದ್ದು ತಿನ್ನುವುದು, ಸಹಪಾಠಿಯ ಡಬ್ಬಿಗೆ ಕೈಹಾಕುವುದು ಉಂಟು. ಇದನ್ನು ಕಳ್ಳತನವೆಂದು ಹೊಡೆಯುವುದರಿಂದ ಪ್ರಯೋಜನವಿಲ್ಲ. ಮೆದುಳಿನ ಹಸಿವಿಗೆ ಬೆತ್ತ ಅರ್ಥವಾಗುವುದಿಲ್ಲ. ತಿಂಡಿಯ ಡಬ್ಬಿಗಳನ್ನು ಕಣ್ಣಿಗೆ ಬೀಳದಂತೆ ಇಡುವುದು, ಬೇಕಾದರೆ ಕಪಾಟಿಗೆ ಬೀಗ ಹಾಕುವುದು, ಊಟದ ಹೊತ್ತನ್ನು ನಿಶ್ಚಿತಗೊಳಿಸುವುದು, ಮನೆಮಂದಿಯೆಲ್ಲ ಅದೇ ಊಟ ಮಾಡುವುದು ಹೆಚ್ಚು ಫಲಕಾರಿ. ಬೀಗ ಕ್ರೌರ್ಯವೆಂದು ಅಜ್ಜಿಗೆ ಅನ್ನಿಸೀತು. ಆದರೆ ಎದುರಿಗಿಟ್ಟು ಬೇಡವೆನ್ನುವುದು ಅದಕ್ಕಿಂತ ದೊಡ್ಡ ಕ್ರೌರ್ಯವೆಂಬುದನ್ನು ಅವರಿಗೆ ತಿಳಿಸಿ ಹೇಳಬೇಕಾಗುತ್ತದೆ. ಶಾಲೆಯ ಬಿಸಿಯೂಟದಲ್ಲಿ ಎರಡನೆಯ ಸಲ ಬಡಿಸುವ ವಿಷಯವನ್ನು ಮುಖ್ಯ ಶಿಕ್ಷಕರೊಂದಿಗೆ ಮೊದಲೇ ಮಾತನಾಡಿಕೊಳ್ಳುವುದು ಲೇಸು.

ಔಷಧಿಗಳ ವಿಷಯದಲ್ಲಿ ಬಹುಕಾಲ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಮೆಟ್‌ಫಾರ್ಮಿನ್, ಇತ್ತೀಚಿನ ಜಿಎಲ್‌ಪಿ-1 ವರ್ಗದ ಚುಚ್ಚುಮದ್ದುಗಳು ಕೆಲವರಿಗೆ ಒಂದಿಷ್ಟು ನೆರವಾಗಿವೆ, ಕೆಲವರಿಗೆ ಇಲ್ಲ. 2025ರಲ್ಲಿ ಸೆಟ್‌ಮೆಲನೋಟೈಡ್ ಎಂಬ ಔಷಧಿಯ ಪ್ರಯೋಗದ ಫಲಿತಾಂಶ ಹೊರಬಿತ್ತು. ಈ ಬಗೆಯ ಬೊಜ್ಜಿನ 120 ಮಂದಿಯಲ್ಲಿ 52 ವಾರ ನಡೆದ ಪ್ರಯೋಗದಲ್ಲಿ, ಔಷಧಿ ಪಡೆದವರ ಬಿಎಂಐ ಸರಾಸರಿ ಶೇ. 16.5ರಷ್ಟು ಇಳಿದರೆ, ಹುಸಿ ಔಷಧಿ ಪಡೆದವರದು ಶೇ. 3.3ರಷ್ಟು ಏರಿತ್ತು. ಕೆಟ್ಟುಹೋದ ಸಂಕೇತ ಮಾರ್ಗದ ಮುಂದಿನ ಹಂತವನ್ನೇ ನೇರವಾಗಿ ಪ್ರಚೋದಿಸುವುದು ಇದರ ವಿಧಾನ. ಆಶಾದಾಯಕ ಸಂಗತಿಯೇ. ಆದರೆ ಇದು ದುಬಾರಿ ಔಷಧಿ, ಜಿಲ್ಲಾ ಕೇಂದ್ರದ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವಂಥದ್ದಲ್ಲ.

ಶಸ್ತ್ರಚಿಕಿತ್ಸೆಯ ಧೋರಣೆಯೂ ಬದಲಾಗಿದೆ. ಹಿಂದೆ ಗಡ್ಡೆಯನ್ನು ಚೂರೂ ಬಿಡದೆ ತೆಗೆಯುವುದೇ ಗುರಿಯಾಗಿತ್ತು. ಪ್ಯಾರಿಸ್ಸಿನ ನೆಕರ್ ಮಕ್ಕಳ ಆಸ್ಪತ್ರೆಯ ತಂಡ 2007ರಲ್ಲಿ, ಸ್ಕ್ಯಾನ್‌ನಲ್ಲಿ ಹೈಪೋಥಲಾಮಸ್‌ಗೆ ಎಷ್ಟು ಧಕ್ಕೆಯಾಗಿದೆ ಎಂಬುದನ್ನು ಮೂರು ದರ್ಜೆಗಳಲ್ಲಿ ಅಳೆದು, ತೀವ್ರ ದರ್ಜೆಯಲ್ಲಿ ಗಡ್ಡೆಯ ಅಂಟಿದ ಭಾಗವನ್ನು ಬಿಟ್ಟು ಉಳಿದುದಕ್ಕೆ ವಿಕಿರಣ ಕೊಡುವ ಕ್ರಮವನ್ನು ಮುಂದಿಟ್ಟಿತು. ಆದ್ದರಿಂದ ‘ಪೂರ್ತಿ ತೆಗೆದಿರಾ?’ ಎಂದು ಕೇಳುವ ಪಾಲಕರು, ಶಸ್ತ್ರಚಿಕಿತ್ಸೆಗೆ ಮೊದಲೇ ‘ಹೈಪೋಥಲಾಮಸ್ ಉಳಿಯುತ್ತದೆಯೇ?’ ಎಂದು ಕೇಳಬೇಕು.

ಅಂಕಿಯಲ್ಲಿ ಕಾಣದ ಬದುಕು

ಜೀವನದ ಗುಣಮಟ್ಟವನ್ನು ಅಳೆಯಲು ವೈದ್ಯರು ಬಳಸುವ ಒಂದು ಪ್ರಶ್ನಾವಳಿಯಲ್ಲಿ 23 ಪ್ರಶ್ನೆಗಳಿವೆ: ದೇಹ, ಮನಸ್ಸು, ಗೆಳೆಯರು, ಶಾಲೆ ಎಂಬ ನಾಲ್ಕು ವಿಭಾಗ. ಮಗುವಿಗೊಂದು, ಪಾಲಕರಿಗೊಂದು ಪ್ರತಿ. ಇಬ್ಬರ ಉತ್ತರಗಳು ಅನೇಕ ವೇಳೆ ಹೊಂದುವುದಿಲ್ಲ. ಮಗುವಿನ ಪ್ರತಿಯನ್ನು ಬೇರೆಯಾಗಿಯೇ ಓದಬೇಕೆಂಬುದು ಅದರ ತಾತ್ಪರ್ಯ. ಹೈಪೋಥಲಾಮಸ್‌ಗೆ ಪೆಟ್ಟು ಬಿದ್ದವರ ಜೀವನದ ಗುಣಮಟ್ಟ, ಬೀಳದವರಿಗಿಂತ ಗಮನಾರ್ಹವಾಗಿ ಕೆಳಗಿರುತ್ತದೆ ಎಂಬುದನ್ನು ಜರ್ಮನಿಯ ದೀರ್ಘಕಾಲೀನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ದೃಷ್ಟಿ ಮಂದವಾದ ಮಗು ಕಬಡ್ಡಿಗೆ ಬೇಡವಾಗುತ್ತದೆ. ಆಟ ನಿಂತರೆ ತೂಕ ಏರುತ್ತದೆ. ತೂಕ ಏರಿದರೆ ಆಟಕ್ಕೆ ಇನ್ನಷ್ಟು ಬೇಡವಾಗುತ್ತದೆ. ಹಗಲು ನಿದ್ದೆಯನ್ನು ಶಿಕ್ಷಕರು ಸೋಮಾರಿತನವೆನ್ನುತ್ತಾರೆ. ದೃಷ್ಟಿದೋಷ ನಿಗದಿತ ಪ್ರಮಾಣ ಮೀರಿದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಪಡೆದು, ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಕೇಳಬಹುದು.

ಬೆಂಗಳೂರು ವಿಜಯಪುರದಿಂದ ಐನೂರು ಕಿ.ಮೀ.ಗೂ ಹೆಚ್ಚು ದೂರ. ನಿಮ್ಹಾನ್ಸ್ ಅಥವಾ ಕಿದ್ವಾಯಿಯಲ್ಲಿ ಚಿಕಿತ್ಸೆ ಪಡೆದ ಮಗುವಿನ ಪ್ರತಿ ರಕ್ತಪರೀಕ್ಷೆಗೂ ಅಲ್ಲಿಗೇ ಓಡಬೇಕಾಗಿಲ್ಲ. ಸೋಡಿಯಂ, ಥೈರಾಯ್ಡ್, ಎತ್ತರ, ತೂಕ, ರಕ್ತದೊತ್ತಡಗಳನ್ನು ಎರಡು ವೈದ್ಯಕೀಯ ಕಾಲೇಜುಗಳಿರುವ ವಿಜಯಪುರದಲ್ಲೇ ನೋಡಿಸಿ, ವರದಿಯನ್ನು ತಜ್ಞರಿಗೆ ತಲುಪಿಸಬಹುದು. ಅದಕ್ಕಾಗಿ ಊರಿನ ಮಕ್ಕಳ ವೈದ್ಯರೊಬ್ಬರು ಮೊದಲ ತಿಂಗಳಿನಿಂದಲೇ ಜೊತೆಯಲ್ಲಿರಬೇಕು, ತೂಕದ ಪಟ್ಟಿಯನ್ನೂ ಆಗಿನಿಂದಲೇ ಬರೆಯಬೇಕು. ಹದಿನೆಂಟು ತುಂಬಿ ಮಕ್ಕಳ ವಿಭಾಗದಿಂದ ಹೊರಬೀಳುವ ದಿನ ಹೊಸ ವೈದ್ಯರು ಮೊದಲು ಕೇಳುವುದು ಶಸ್ತ್ರಚಿಕಿತ್ಸೆಯ ಟಿಪ್ಪಣಿ, ವಿಕಿರಣದ ಪ್ರಮಾಣ ಮತ್ತು ಬಯಾಪ್ಸಿ ವರದಿ. ಮೂಲ ಪ್ರತಿಗಳು ಮನೆಯಲ್ಲಿರಲಿ, ನಕಲುಗಳು ಮಾತ್ರ ಆಸ್ಪತ್ರೆಗೆ ಹೋಗಲಿ.