ದಾಣಿಯೂ ದನದ ನಡವಳಿಕೆಯೂ: ಕೊಲ್ಕತ್ತಾದ ಖಾಟಾಲುಗಳ ಹಿನ್ನೆಲೆಯಲ್ಲಿ ಒಂದು ವಿವರಣೆ

ಹಸು ಮತ್ತು ಎಮ್ಮೆಗಳು ಹುಲ್ಲು ಮೇಯುವ ಪ್ರಾಣಿಗಳೆಂಬುದು ಮಕ್ಕಳಿಗೂ ತಿಳಿದ ಸಂಗತಿ. ಆದರೆ ಅವುಗಳನ್ನು ಒಂದೇ ಕಡೆ ಕಟ್ಟಿಹಾಕಿ, ಹುಲ್ಲನ್ನು ಕಡಿಮೆ ಮಾಡಿ, ನುಚ್ಚು, ತೌಡು, ಬೂಸಾ ಮತ್ತು ಹಿಂಡಿಗಳನ್ನೇ ಹೆಚ್ಚಾಗಿ ತಿನ್ನಿಸಿದಾಗ ಹಾಲಿನ ಪ್ರಮಾಣದಲ್ಲಿ ಮಾತ್ರವಲ್ಲದೆ, ಪ್ರಾಣಿಯ ನಡವಳಿಕೆಯಲ್ಲಿಯೂ ಬದಲಾವಣೆಗಳು ಉಂಟಾಗುತ್ತವೆ. ಮೇವಿಗೆ ಮುಖ ತಿರುಗಿಸುವ ಎಮ್ಮೆಯನ್ನು ಹಟಮಾರಿಯೆಂದೂ, ಬಾಯಾಡಿಸುತ್ತ ನಾಲಿಗೆ ಹೊರಳಿಸುವ ಹಸುವಿಗೆ ದೃಷ್ಟಿ ತಗುಲಿದೆಯೆಂದೂ ಭಾವಿಸುವವರು ಇಂದಿಗೂ ಇದ್ದಾರೆ. ಇಂತಹ ಅನೇಕ ವರ್ತನೆಗಳ ಮೂಲವು ಪ್ರಾಣಿಯ ಸ್ವಭಾವದಲ್ಲಿಲ್ಲ. ಅದರ ಮುಂದಿರುವ ಗೋದಲಿಯಲ್ಲಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮಾಂಸಕ್ಕಾಗಿ ಸಾಕುವ ದನಗಳನ್ನು ಅವುಗಳ ಜೀವನದ ಕೊನೆಯ ಕೆಲವು ತಿಂಗಳುಗಳಲ್ಲಿ ಬಯಲು ದೊಡ್ಡಿಗಳಲ್ಲಿ ಕೂಡಿ, ಮುಖ್ಯವಾಗಿ ಮುಸುಕಿನ ಜೋಳವನ್ನು ತಿನ್ನಿಸಿ ಕೊಬ್ಬಿಸುವ ಪದ್ಧತಿಯಿದೆ. ಅಲ್ಲಿ ಆಹಾರದ ಬಹುಪಾಲು ಧಾನ್ಯವೇ ಆಗಿರುತ್ತದೆ. ಧಾನ್ಯಾಹಾರ ಮತ್ತು ದನಗಳ ವರ್ತನೆಯ ಸಂಬಂಧವನ್ನು ಕುರಿತ ಅಧ್ಯಯನಗಳಲ್ಲಿ ಹೆಚ್ಚಿನವು ನಡೆದಿರುವುದು ಇಂತಹ ದೊಡ್ಡಿಗಳಲ್ಲಿ ಮತ್ತು ಅಧಿಕ ಹಾಲು ಕೊಡುವ ವಿದೇಶಿ ಹಸುಗಳಲ್ಲಿ. ಆ ಪ್ರಮಾಣದ ದೊಡ್ಡಿಗಳು ನಮ್ಮ ದೇಶದಲ್ಲಿಲ್ಲ. ಆದರೂ ಪ್ರಾಣಿಯನ್ನು ಹುಲ್ಲುಗಾವಲಿನಿಂದ ಬೇರ್ಪಡಿಸಿ, ಕೊಂಡುತಂದ ಆಹಾರದಿಂದಲೇ ಸಾಕಿ, ಉತ್ಪಾದನೆಯ ಅವಧಿ ಮುಗಿದೊಡನೆ ಸಾಗಹಾಕುವ ವ್ಯವಸ್ಥೆಯೊಂದು ನಮ್ಮ ದೊಡ್ಡ ನಗರಗಳಲ್ಲಿ ಬಹುಕಾಲದಿಂದ ಇದೆ. ಕೊಲ್ಕತ್ತಾದ ಖಾಟಾಲುಗಳು ಅದಕ್ಕೆ ಪ್ರಸಿದ್ಧ ಉದಾಹರಣೆ.

ಖಾಟಾಲ್ ಎಂದರೇನು?

ಬಂಗಾಳದಲ್ಲಿ ನಗರದೊಳಗಿನ ದನ-ಎಮ್ಮೆಗಳ ಕೊಟ್ಟಿಗೆಯನ್ನು ಖಾಟಾಲ್ ಎಂದು ಕರೆಯುತ್ತಾರೆ. ಇವುಗಳನ್ನು ನಡೆಸುತ್ತ ಬಂದವರಲ್ಲಿ ಬಿಹಾರದಿಂದ ವಲಸೆ ಬಂದ ಗೋಪಾಲಕ ಕುಟುಂಬಗಳೇ ಹೆಚ್ಚು. ಕರು ಹಾಕಿದ ಎಮ್ಮೆಗಳನ್ನು, ವಿಶೇಷವಾಗಿ ಹರಿಯಾಣ ಮತ್ತು ಪಂಜಾಬ್ ಕಡೆಯ ಮುರ್ರಾ ಜಾತಿಯವನ್ನು, ದೂರದಿಂದ ತರಿಸಿ, ಹಾಲು ಬತ್ತುವವರೆಗೆ ಇಟ್ಟುಕೊಂಡು, ಬಳಿಕ ಮಾರಿಬಿಡುವುದು ಇಲ್ಲಿನ ರೂಢಿಯಾಗಿತ್ತು. ಜಾಗದ ಬಾಡಿಗೆ ಹೆಚ್ಚಾಗಿರುವ ನಗರದಲ್ಲಿ ಬತ್ತಿದ ಎಮ್ಮೆಯನ್ನು ಮುಂದಿನ ಸೂಲಿನವರೆಗೆ ಸಾಕುವುದು ಲಾಭದಾಯಕವಲ್ಲವೆಂಬ ಲೆಕ್ಕಾಚಾರವೇ ಇದಕ್ಕೆ ಕಾರಣ. ಒಂದೇ ಸೂಲಿನ ಈ ಲೆಕ್ಕಾಚಾರವು ಮೇವಿನ ಮೇಲೂ ಪ್ರಭಾವ ಬೀರುತ್ತದೆ. ಐದಾರು ಸೂಲುಗಳವರೆಗೆ ಬಾಳಬೇಕಾದ ಪ್ರಾಣಿಯ ಹೊಟ್ಟೆಯನ್ನೂ ಗೊರಸನ್ನೂ ರೈತನು ಕಾಪಾಡಿಕೊಳ್ಳುತ್ತಾನೆ. ಹತ್ತು ತಿಂಗಳು ಮಾತ್ರ ಇಟ್ಟುಕೊಳ್ಳುವವನಿಗೆ ಅಷ್ಟು ಕಾಳಜಿ ಇರಬೇಕಾದ ಅಗತ್ಯವೇ ತೋರುವುದಿಲ್ಲ.

ಈ ಸಮಸ್ಯೆಯತ್ತ ಸರ್ಕಾರದ ಗಮನ ಹರಿದು ಬಹಳ ಕಾಲವಾಯಿತು. ನಗರದ ದನಗಳನ್ನು ಹೊರಗೆ ಸಾಗಿಸುವ ಉದ್ದೇಶದಿಂದ ನದಿಯಾ ಜಿಲ್ಲೆಯ ಹರಿಂಗಘಾಟಾದಲ್ಲಿ ಹೈನು ಕ್ಷೇತ್ರವು ರೂಪುಗೊಂಡಿತು. 1959ರಲ್ಲಿ ಪಶ್ಚಿಮ ಬಂಗಾಳವು ದನಗಳ ಪರವಾನಗಿ ಕಾಯಿದೆಯನ್ನು ಜಾರಿಗೆ ತಂದಿತು. 1970ರಲ್ಲಿ ಆರಂಭವಾದ ಕ್ಷೀರಧಾರೆ ಯೋಜನೆಯು ಗ್ರಾಮಗಳ ಹಾಲನ್ನು ಅಂದಿನ ಕಲ್ಕತ್ತಾ ಸೇರಿದಂತೆ ನಾಲ್ಕು ಮಹಾನಗರಗಳಿಗೆ ತಲುಪಿಸುವ ಗುರಿಯನ್ನು ಹೊಂದಿತ್ತು. ಆನಂತರದ ತೆರವು ಕಾರ್ಯಾಚರಣೆಗಳಿಂದ ನಗರದ ನಡುವಣ ಖಾಟಾಲುಗಳು ಬಹಳಮಟ್ಟಿಗೆ ಕಡಿಮೆಯಾಗಿದ್ದರೂ, ಅಂಚಿನ ಪ್ರದೇಶಗಳಲ್ಲಿ ಈ ಉದ್ಯೋಗವು ಮುಂದುವರಿದಿದೆ.

ಇಲ್ಲಿನ ಮೇವಿನಲ್ಲಿ ಕತ್ತರಿಸಿದ ಭತ್ತದ ಹುಲ್ಲು, ಸಾಸಿವೆ ಹಿಂಡಿ, ಗೋಧಿ ಬೂಸಾ, ಬೇಳೆಯ ಹೊಟ್ಟು ಮತ್ತು ನುಚ್ಚು ಮುಖ್ಯವಾದವು. ಅನ್ನ ಬಸಿದ ಗಂಜಿಯನ್ನು ದನಕ್ಕೆ ಕೊಡುವುದು ಬಂಗಾಳದ ಮನೆಮನೆಯ ಪದ್ಧತಿ. ಒಂದು ಗಾಡಿ ಹುಲ್ಲು ತೂಕದಲ್ಲಿ ಕಡಿಮೆ, ಗಾತ್ರದಲ್ಲಿ ಹೆಚ್ಚು. ಅದನ್ನು ಹಳ್ಳಿಗಳಿಂದ ನಗರಕ್ಕೆ ಸಾಗಿಸುವ ಮತ್ತು ಮಳೆಯಿಂದ ರಕ್ಷಿಸಿ ಸಂಗ್ರಹಿಸಿಡುವ ವೆಚ್ಚವು ಪೋಷಕಾಂಶಗಳ ಲೆಕ್ಕದಲ್ಲಿ ದುಬಾರಿಯಾಗುತ್ತದೆ. ಗಿರಣಿಗಳಿರುವ ನಗರದಲ್ಲಿ ಹಿಂಡಿ ಮತ್ತು ಬೂಸಾದ ಚೀಲಗಳು ಬೀದಿಯ ಅಂಗಡಿಯಲ್ಲೇ ದೊರೆಯುತ್ತವೆ. ಆದುದರಿಂದ ಹುಲ್ಲಿನ ಬೆಲೆ ಏರಿದಾಗಲೆಲ್ಲ ಹುಲ್ಲು ಕಡಿಮೆಯಾಗಿ ದಾಣಿ ಹೆಚ್ಚಾಗುವ ಸಂಭವ ನಗರದಲ್ಲಿ ಸದಾ ಇರುತ್ತದೆ.

ಹೊಟ್ಟೆಯೊಳಗೆ ನಡೆಯುವುದೇನು?

ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಾದ ರೂಮೆನ್ ಒಂದು ದೊಡ್ಡ ಹುದುಗು ತೊಟ್ಟಿಯಿದ್ದಂತೆ. ಬೆಳೆದ ಹಸುವಿನಲ್ಲಿ ಇದು ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಇದರಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ನಿಧಾನವಾಗಿ ಒಡೆದು ಆಮ್ಲಗಳನ್ನಾಗಿ ಪರಿವರ್ತಿಸುತ್ತವೆ. ಈ ಆಮ್ಲಗಳೇ ಪ್ರಾಣಿಗೆ ಶಕ್ತಿಯ ಮೂಲ. ಧಾನ್ಯದಲ್ಲಿರುವ ಪಿಷ್ಟವಾದರೋ ಬಹುಬೇಗ ಹುದುಗುತ್ತದೆ. ಅಲ್ಪಕಾಲದಲ್ಲಿ ಆಮ್ಲವು ಹೇರಳವಾಗಿ ಉತ್ಪತ್ತಿಯಾಗುತ್ತದೆ.

ಈ ಆಮ್ಲವನ್ನು ಶಮನಗೊಳಿಸುವುದು ಪ್ರಾಣಿಯ ಜೊಲ್ಲು. ಹಸುವಿನಲ್ಲಿ ದಿನಕ್ಕೆ ನೂರು ಲೀಟರಿಗೂ ಮೀರಿ ಜೊಲ್ಲು ಸ್ರವಿಸುತ್ತದೆ. ಅದರಲ್ಲಿ ಅಡಿಗೆ ಸೋಡಾದಲ್ಲಿರುವಂತಹ ಬೈಕಾರ್ಬೊನೇಟ್ ಲವಣವಿರುತ್ತದೆ. ಜೊಲ್ಲು ಹೆಚ್ಚಾಗಿ ಸುರಿಯುವುದು ಅಗಿಯುವಾಗ ಮತ್ತು ಮೆಲುಕು ಹಾಕುವಾಗ. ಮೆಲುಕು ಹಾಕಲು ರೂಮೆನ್ನಿನ ಗೋಡೆಗೆ ಒರಟಾದ ನಾರು ತಗುಲಬೇಕು. ನುಣ್ಣಗೆ ಅರೆದ ದಾಣಿಗೆ ಆ ಗುಣವಿಲ್ಲ. ಅಂದರೆ ದಾಣಿಯು ಹೆಚ್ಚಾದಾಗ ಎರಡು ಕಡೆಯಿಂದ ಹಾನಿ ಸಂಭವಿಸುತ್ತದೆ: ಆಮ್ಲ ಹೆಚ್ಚುತ್ತದೆ, ಆಮ್ಲವನ್ನು ತಗ್ಗಿಸುವ ಜೊಲ್ಲು ಕಡಿಮೆಯಾಗುತ್ತದೆ. ಸಾಮಾನ್ಯವಾಗಿ 6ರಿಂದ 7ರವರೆಗೆ ಇರುವ ರೂಮೆನ್ನಿನ ಪಿ.ಎಚ್. ಪ್ರಮಾಣವು ಸುಮಾರು 5.6ಕ್ಕಿಂತ ಕೆಳಗೆ ಗಂಟೆಗಟ್ಟಲೆ ಇಳಿದಿದ್ದರೆ ಅದನ್ನು ಮಂದ ಸ್ವರೂಪದ ಆಮ್ಲತೆಯೆಂದು ಪರಿಗಣಿಸಲಾಗುತ್ತದೆ. 5ಕ್ಕಿಂತಲೂ ಕೆಳಗಿಳಿದರೆ ಜೀವಕ್ಕೇ ಅಪಾಯ.

ನಡವಳಿಕೆಯಲ್ಲಿ ಕಾಣುವ ಲಕ್ಷಣಗಳು

ಹುಲ್ಲುಗಾವಲಿನಲ್ಲಿರುವ ಹಸುವು ದಿನದಲ್ಲಿ ಸುಮಾರು 8 ಗಂಟೆ ಮೇಯುತ್ತದೆ, ಹೆಚ್ಚುಕಡಿಮೆ ಅಷ್ಟೇ ಕಾಲ ಮೆಲುಕು ಹಾಕುತ್ತದೆ. ಬಾಯಿಗೆ ಇಷ್ಟು ಕೆಲಸವಿರುವಂತೆ ರೂಪುಗೊಂಡಿರುವ ಪ್ರಾಣಿಗೆ ದಾಣಿಯನ್ನೇ ಹಾಕಿದರೆ ಅದರ ಊಟ ಬಹುಬೇಗ ಮುಗಿದುಹೋಗುತ್ತದೆ. ಹೊಟ್ಟೆ ತುಂಬಿದ್ದರೂ ಬಾಯಿ ಬರಿದಾಗಿರುತ್ತದೆ. ಆಗ ನಾಲಿಗೆಯನ್ನು ಹೊರಚಾಚಿ ಹೊರಳಿಸುವುದು, ಗೋದಲಿಯ ಅಂಚನ್ನು ನೆಕ್ಕುವುದು, ಕಟ್ಟಿದ ಹಗ್ಗವನ್ನು ಅಗಿಯುವುದು, ಪಕ್ಕದ ಪ್ರಾಣಿಯ ಮೈಯನ್ನು ಎಡೆಬಿಡದೆ ನೆಕ್ಕುವುದು ಮುಂತಾದ ವ್ಯರ್ಥ ವರ್ತನೆಗಳು ಕಾಣಿಸಿಕೊಳ್ಳುತ್ತವೆ.

ಎರಡನೆಯ ಲಕ್ಷಣವು ಹೆಚ್ಚು ಮೋಸಗೊಳಿಸುವಂತಹುದು. ಪ್ರಾಣಿಯು ಒಂದು ದಿನ ಆತುರದಿಂದ ತಿಂದು ಮರುದಿನ ಮೇವನ್ನು ಮುಟ್ಟದೆ ನಿಲ್ಲುತ್ತದೆ; ಆಮ್ಲ ಇಳಿದೊಡನೆ ಮತ್ತೆ ಮುನ್ನುಗ್ಗಿ ತಿನ್ನುತ್ತದೆ. ಇದನ್ನು ಕಂಡ ಯಜಮಾನನು ರುಚಿ ಹೆಚ್ಚಿಸಲೆಂದು ಇನ್ನಷ್ಟು ನುಚ್ಚನ್ನೋ ಬೆಲ್ಲವನ್ನೋ ಬೆರೆಸುತ್ತಾನೆ. ಕಾಯಿಲೆಗೆ ಕಾರಣವಾದುದೇ ಹೀಗೆ ಮದ್ದಿನ ರೂಪದಲ್ಲಿ ಮರಳಿ ಬರುತ್ತದೆ. ಆದರೆ ಪ್ರಾಣಿಯ ಆಯ್ಕೆ ಬೇರೆಯೇ ಆಗಿರುತ್ತದೆ. ಆಮ್ಲತೆಯಿಂದ ಬಳಲುವ ಹಸುಗಳು ಮಿಶ್ರಣದಲ್ಲಿನ ಉದ್ದನೆಯ ನಾರನ್ನೇ ಹೆಚ್ಚಾಗಿ ಆಯ್ದುಕೊಳ್ಳುವುದು ಸಂಶೋಧನೆಗಳಲ್ಲಿ ಕಂಡುಬಂದಿದೆ. ಗೋದಲಿಯ ದಾಣಿಯನ್ನು ಬಿಟ್ಟು, ಕಾಲಡಿಯಲ್ಲಿ ಹಾಸಿದ ಕೊಳಕು ಹುಲ್ಲಿಗೆ ಬಾಯಿ ಹಾಕುವ ಎಮ್ಮೆಯನ್ನು ಗದರಿಸುವ ಮೊದಲು ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು.

ಆಮ್ಲತೆಯು ವಾರಗಟ್ಟಲೆ ಮುಂದುವರಿದರೆ ಗೊರಸಿನೊಳಗೆ ಉರಿಯೂತವಾಗುತ್ತದೆ. ಪ್ರಾಣಿಯು ಬೆನ್ನು ಬಾಗಿಸಿ ನಿಲ್ಲುತ್ತದೆ, ಕಾಲಿನಿಂದ ಕಾಲಿಗೆ ಭಾರ ಬದಲಿಸುತ್ತದೆ, ಮಲಗಿದರೆ ಏಳಲು ಹಿಂಜರಿಯುತ್ತದೆ. ಕಲ್ಲು ಅಥವಾ ಸಿಮೆಂಟಿನ ನೆಲದ ಕೊಟ್ಟಿಗೆಯಲ್ಲಿ ಇದು ಇನ್ನೂ ಉಲ್ಬಣಿಸುತ್ತದೆ. ಕೆಲವೊಮ್ಮೆ ರೂಮೆನ್ನಿನಲ್ಲಿ ಥಯಾಮಿನ್ ಎಂಬ ಜೀವಸತ್ವವು ನಾಶವಾಗಿ, ಪ್ರಾಣಿಗೆ ಕಣ್ಣು ಕಾಣದಂತಾಗಿ, ಗೋಡೆಗೆ ತಲೆಯನ್ನು ಒತ್ತಿ ನಿಲ್ಲುವುದೂ ಉಂಟು. ಹಾಲಿನ ಲೆಕ್ಕದಲ್ಲಿಯೂ ನಷ್ಟವಿದೆ: ನಾರಿನಿಂದ ಉತ್ಪತ್ತಿಯಾಗುವ ಅಸಿಟಿಕ್ ಆಮ್ಲವು ಕಡಿಮೆಯಾಗಿ, ರೂಮೆನ್ನಿನ ಹುದುಗುವಿಕೆಯೇ ದಾರಿ ತಪ್ಪುವುದರಿಂದ ಹಾಲಿನ ಜಿಡ್ಡಿನ ಅಂಶವು ಇಳಿಯುತ್ತದೆ. ಎಮ್ಮೆ ಹಾಲಿಗೆ ಬೆಲೆ ಬರುವುದೇ ಜಿಡ್ಡಿನಿಂದ.

ಕೊಲ್ಕತ್ತಾದ ಮೇ-ಜೂನ್ ತಿಂಗಳುಗಳ ಬಿಸಿಲು ಮತ್ತು ತೇವವು ಇದಕ್ಕೆ ಮತ್ತೊಂದು ಕಾರಣವನ್ನು ಸೇರಿಸುತ್ತದೆ. ನಾರು ಹುದುಗುವಾಗ ಮೈಯೊಳಗೆ ಹೆಚ್ಚು ಶಾಖ ಹುಟ್ಟುವುದರಿಂದ ಸೆಕೆಯಲ್ಲಿ ಪ್ರಾಣಿಯೇ ಹುಲ್ಲನ್ನು ಕಡಿಮೆ ತಿನ್ನುತ್ತದೆ. ಏದುಸಿರು ಬಿಡುತ್ತ ಜೊಲ್ಲನ್ನು ನೆಲಕ್ಕೆ ಸುರಿಸಿಬಿಡುತ್ತದೆ. ಹಗಲು ಉಪವಾಸವಿದ್ದು ರಾತ್ರಿ ತಂಪಾದ ಮೇಲೆ ಒಮ್ಮೆಗೇ ದಾಣಿ ತಿಂದರೆ ಆಮ್ಲವು ಥಟ್ಟನೆ ಏರುತ್ತದೆ. ನೀರಿನಲ್ಲಿ ಹೊರಳಾಡಿ ಮೈ ತಣಿಸಿಕೊಳ್ಳುವ ಎಮ್ಮೆಗೆ ಕೊಳವಿಲ್ಲದ ಕೊಟ್ಟಿಗೆಯಲ್ಲಿ ಈ ಕಷ್ಟ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಖಾಟಾಲಿನಲ್ಲಿ ಕಾಣುವ ಎಲ್ಲ ವಿಪರೀತ ವರ್ತನೆಗಳಿಗೂ ಆಹಾರವನ್ನೇ ಹೊಣೆ ಮಾಡುವುದು ಸರಿಯಲ್ಲ. ಗಿಡ್ಡ ಹಗ್ಗ, ಇಕ್ಕಟ್ಟು ಮತ್ತು ಕರುವಿನ ಅಗಲಿಕೆಯೂ ಪ್ರಾಣಿಯನ್ನು ಕೆರಳಿಸುತ್ತವೆ. ಕರು ಇಲ್ಲದೆ ಸೊರೆಬಿಡದ ಎಮ್ಮೆಗಳನ್ನು ಹಿಂಸಿಸಿ ಹಾಲು ಕರೆಯುವ ಫೂಕಾ ಎಂಬ ಕ್ರೂರ ಪದ್ಧತಿಯೂ ಒಂದು ಕಾಲದಲ್ಲಿ ಇಲ್ಲಿ ಕುಖ್ಯಾತವಾಗಿತ್ತು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಅದನ್ನು ಅಪರಾಧವೆಂದು ಸಾರಿದೆ. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರು 1912ರಲ್ಲಿ ಹಾಲನ್ನು ತ್ಯಜಿಸಲು, ಕಲ್ಕತ್ತಾದ ಹಸು-ಎಮ್ಮೆಗಳ ಯಾತನೆಯನ್ನು ವಿವರಿಸಿದ ಬರಹಗಳೂ ಪ್ರೇರಣೆಯಾದವು. ಆಹಾರದಿಂದ ಬಂದ ವರ್ತನೆಯನ್ನು ಗುರುತಿಸುವ ಸುಲಭ ಉಪಾಯವೆಂದರೆ ಕಾಲವನ್ನು ಗಮನಿಸುವುದು. ದಾಣಿ ಹಾಕಿದ ಕೆಲವು ಗಂಟೆಗಳಲ್ಲಿ ಹೆಚ್ಚಾಗಿ, ಹುಲ್ಲನ್ನು ಹೆಚ್ಚಿಸಿದ ಕೆಲವು ದಿನಗಳಲ್ಲಿ ತಗ್ಗಿದರೆ ಅದು ಬಹುತೇಕ ಆಹಾರದ್ದೇ. ಮೇವು ಬದಲಾದರೂ ಬದಲಾಗದಿದ್ದರೆ ಹಗ್ಗವನ್ನೂ ಜಾಗವನ್ನೂ ನೋಡಬೇಕು.

ಪಶುಪಾಲಕರು ಅನುಸರಿಸಬೇಕಾದ ಕ್ರಮಗಳು

ದಾಣಿಯನ್ನು ಸಂಪೂರ್ಣವಾಗಿ ನಿಲ್ಲಿಸಬೇಕೆಂದು ಇದರ ಅರ್ಥವಲ್ಲ. ಹಾಲು ಕೊಡುವ ಪ್ರಾಣಿಗೆ ಒಣಹುಲ್ಲೊಂದೇ ಸಾಲದು. ಶರೀರ ಪೋಷಣೆಗೆ ಒಂದರಿಂದ ಒಂದೂವರೆ ಕಿಲೋ ದಾಣಿಯಲ್ಲದೆ, ಹಸುವಿಗೆ ಪ್ರತಿ ಎರಡೂವರೆ ಕಿಲೋ ಹಾಲಿಗೆ ಮತ್ತು ಎಮ್ಮೆಗೆ ಪ್ರತಿ ಎರಡು ಕಿಲೋ ಹಾಲಿಗೆ ಒಂದು ಕಿಲೋ ದಾಣಿ ಎಂಬುದು ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಅಂದಾಜು. ಮುಖ್ಯವಾದುದು ಕೊಡುವ ಕ್ರಮ. ಬೆಳಿಗ್ಗೆ ಮೊದಲು ಹುಲ್ಲು, ಅನಂತರ ದಾಣಿ. ದಿನದ ದಾಣಿಯನ್ನು ಒಂದೇ ಸಲಕ್ಕೆ ಸುರಿಯದೆ ಮೂರು ನಾಲ್ಕು ಪಾಲು ಮಾಡಬೇಕು. ದಾಣಿಯನ್ನು ಹೆಚ್ಚಿಸುವುದಿದ್ದರೆ ಎರಡು ಮೂರು ವಾರಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ದೂರದ ಊರಿನಿಂದ ರೈಲಿನಲ್ಲೋ ಲಾರಿಯಲ್ಲೋ ಹಸಿದು ಬಂದ ಎಮ್ಮೆಗೆ ಮೊದಲ ದಿನವೇ ಬುಟ್ಟಿ ತುಂಬ ನುಚ್ಚು ಹಾಕುವುದು ಅತ್ಯಂತ ಅಪಾಯಕರ. ಹುಲ್ಲನ್ನು ಕತ್ತರಿಸುವಾಗಲೂ ಪುಡಿಯಾಗದಂತೆ ಎರಡು ಮೂರು ಬೆರಳಗಲದ ತುಂಡುಗಳನ್ನೇ ಉಳಿಸಿಕೊಳ್ಳಬೇಕು. ಅಡಿಗೆ ಸೋಡಾ ಬೆರೆಸುವುದರಿಂದ ಪ್ರಯೋಜನವಿದೆಯಾದರೂ ಅದು ಹುಲ್ಲಿಗೆ ಬದಲಿಯಲ್ಲ. ಪ್ರಮಾಣವನ್ನು ಪಶುವೈದ್ಯರಿಂದ ತಿಳಿದುಕೊಳ್ಳಬೇಕು.

ಕನ್ನಡ ನಾಡಿನ ಓದುಗರಿಗೆ ಇದು ದೂರದ ಊರಿನ ಕಥೆಯೆಂದು ತೋರಬಹುದು. ಆದರೆ ಸುಗ್ಗಿಯಲ್ಲಿ ಹಗ್ಗ ಕಿತ್ತುಕೊಂಡು ಕಣದ ರಾಗಿ, ಜೋಳಕ್ಕೆ ನುಗ್ಗಿದ ಎತ್ತು, ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಬುಟ್ಟಿಗಟ್ಟಲೆ ತಿಂದ ಹಸು, ಇವು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಬೆಂಗಳೂರು, ಹುಬ್ಬಳ್ಳಿಗಳಂತಹ ನಗರಗಳಲ್ಲಿ ಹುಲ್ಲಿನ ಅಭಾವದಿಂದ ಬೂಸಾ ಮತ್ತು ಹೋಟೆಲಿನ ಉಳಿಕೆಯನ್ನೇ ನೆಚ್ಚಿಕೊಂಡ ಕೊಟ್ಟಿಗೆಗಳೂ ಇವೆ.

ಕೊಟ್ಟಿಗೆಯಲ್ಲಿ ಪರೀಕ್ಷೆ ಮಾಡಲು ಯಾವ ಉಪಕರಣವೂ ಬೇಕಾಗಿಲ್ಲ. ಮೇವು ತಿಂದು ಒಂದೆರಡು ಗಂಟೆಯ ಬಳಿಕ ಸದ್ದಿಲ್ಲದೆ ಒಳಗೆ ಹೋಗಿ ನಿಲ್ಲಬೇಕು. ಮಲಗಿರುವ ಪ್ರಾಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿದ್ದರೆ ಮೇವಿನ ಹದ ಸರಿಯಾಗಿದೆ. ಸಗಣಿಯು ತೆಳುವಾಗಿ, ನೊರೆಗೂಡಿ, ಅದರಲ್ಲಿ ಇಡೀ ಕಾಳುಗಳು ಕಂಡರೆ ಹುಲ್ಲು ಸಾಲದೆಂದು ತಿಳಿಯಬೇಕು. ಹೆಚ್ಚು ಧಾನ್ಯ ತಿಂದ ಪ್ರಾಣಿಯು ಮಂಕಾಗಿ, ಹಲ್ಲು ಕಡಿಯುತ್ತ, ಹೊಟ್ಟೆಗೆ ಒದ್ದುಕೊಳ್ಳುತ್ತ, ತೂರಾಡುತ್ತ ನಡೆದರೆ ಬೆಳಗಾಗುವವರೆಗೆ ಕಾಯದೆ ಪಶುವೈದ್ಯರನ್ನು ಕರೆಯಿಸಬೇಕು. ಅವರು ಬರುವವರೆಗೆ ಉಳಿದ ದಾಣಿಯನ್ನು ತೆಗೆದಿರಿಸಿ, ಒಣಹುಲ್ಲನ್ನು ಮಾತ್ರ ಮುಂದಿಟ್ಟು, ಒಮ್ಮೆಗೇ ಹೊಟ್ಟೆ ತುಂಬ ನೀರು ಕುಡಿಯದಂತೆ ನೋಡಿಕೊಳ್ಳಬೇಕು.